ಮಂಗಳ ಗ್ರಹದ ಮಾತು ಕೇಳಿ ಮಗ್ಗ ನಿಲ್ಲಿಸಿದವರು

ಬೆಟಗೇರಿ
10 ಫೆಬ್ರುವರಿ 1981

ಚಿರಂಜೀವಿ ಅಲ್ಮಾಸಳಿಗೆ ಅಬ್ಬಾನ ದುವಾ.

ಇಲ್ಲಿ ನಾವು ಆರಾಮ ಇದ್ದೇವೆ. ನಿಮ್ಮಮ್ಮನ ಮೊಣಕಾಲು ಇದ್ದ ಹಾಗೇ ಇದೆ. ಎಣ್ಣೆ ಹಚ್ಚಿಕೊ ಎಂದರೆ ಹಚ್ಚಿಕೊಳ್ಳುವುದಿಲ್ಲ, ನೋವು ನೋವು ಎನ್ನುವುದನ್ನೂ ಬಿಡುವುದಿಲ್ಲ. ಲಕ್ಷ್ಮೇಶ್ವರದ ಸಂಬಂಧ ಒಲ್ಲೆ ಎಂದು ನೀನು ಮುಂಡರಗಿಯ ಸಾಲಿಗೆ ನೌಕರಿಗೆ ಹೋಗಿ ಎರಡು ವರ್ಷ ದಾಟಿತು. ಆ ಹುಡುಗನಿಗೆ ಬೇರೆ ಕಡೆ ಲಗ್ನವಾಗಿ ಮಗುವೂ ಆಯಿತಂತೆ. ಇನ್ನಾದರೂ ಒಮ್ಮೆ ಬಂದು ಹೋಗಲಿ ಎಂದು ಬರೆಯಲು ನಿಮ್ಮಮ್ಮ ಹೇಳಿದಳು. ಬರೆದಿದ್ದೇನೆ.

ಇನ್ನು ನಿನ್ನ ಕಥೆಯ ವಿಷಯ. ವಾರಪತ್ರಿಕೆ ಗುರುವಾರ ಮಧ್ಯಾಹ್ನ ನಮ್ಮ ಓಣಿಗೆ ಬರುತ್ತದೆ. ಕಂಡಿಕೆಗೆ ನೂಲು ಸುತ್ತುವ ರಾಮವ್ವ ನಾಲ್ಕನೇ ಇಯತ್ತೆ ಓದಿದವಳಾದರೂ ಅವಳ ದನಿ ಓಣಿಯ ಆ ತುದಿಗೂ ಕೇಳುತ್ತದೆ. ಅವಳೇ ಓದುವುದು. ನಮ್ಮ ಶೆಡ್ಡಿನ ಮಗ್ಗಗಳ ಸದ್ದು ಪೂರಾ ನಿಂತ ಮೇಲೆಯೇ ಬಾಯಿ ತೆರೆಯುತ್ತಾಳೆ. ಒಬ್ಬ ಲಾಳಿ ಒಗೆದರೂ ಪತ್ರಿಕೆ ಮಡಚಿ ಕುಂಡೆ ಕೆಳಗೆ ಇಟ್ಟುಕೊಂಡುಬಿಡುತ್ತಾಳೆ. ಆಚೆ ಈಚೆ ಶೆಡ್ಡಿನವರೂ ಬಂದು ಕೂಡುತ್ತಾರೆ. ಹೀಗಾಗಿ ಗುರುವಾರ ಒಂದು ಗಳಿಗೆ ನೇಯ್ಗೆ ಬಂದ್, ಚಹಾ ಜಾಸ್ತಿ. ಇದರ ಖರ್ಚು ನಿನ್ನ ಲೆಕ್ಕದಲ್ಲಿ ಹಿಡಿಯಬೇಕು.

ಧ್ರುವ ಎಂದು ಹೆಸರಿಟ್ಟುಕೊಂಡು ಬರೆಯುವುದು ನೀನೇ ಎಂದು ನಾನೂ ನಿಮ್ಮಮ್ಮನೂ ಬಿಟ್ಟು ಯಾರಿಗೂ ಗೊತ್ತಿಲ್ಲ. “ಧಾರವಾಡದ ಯಾವನೋ ಪ್ರೊಫೆಸರ ಇರಬೇಕ್ರಿ ಈ ಧ್ರುವ. ಇಷ್ಟು ತಲಿ ಮತ್ತ್ಯಾರಿಗೆ ಇರತೈತಿ?” ಅಂದ ಸಕ್ರಪ್ಪ. ನೆನಪಿದೆಯಲ್ಲ, ನಮ್ಮ ಹಿಂಬದಿಯ ಶೆಡ್ಡಿನ ಸಕ್ರಪ್ಪ, ಮಾತಿಗೊಮ್ಮೆ ಜಗಳಕ್ಕೆ ನಿಲ್ಲುವವನು. ನಾನು ಚಹಾ ಕುಡಿಯುತ್ತ ಹೌದಪ್ಪ, ಪ್ರೊಫೆಸರನೇ ಇರಬೇಕು ಅಂದೆ. ಒಳಗೊಳಗೆ ನಗು ತಡೆಯಲಾಗಲಿಲ್ಲ.

ಒಂದು ಮಾತು ಕೇಳಬೇಕು. ಮಂಗಳ ಗ್ರಹದಲ್ಲಿ ಮೂರು ಪಂಗಡ ಮಾಡಿದ್ದೀ. ಗಾಜಿನ ಚಾವಣಿಯ ಕೆಳಗೆ ಬಿಸಿಲು ಕಾಯಿಸುತ್ತ ಇರುವ ಗಾಜಿನವರು. ನೆಲದೊಳಗೆ ಹಿಮ ಅಗೆದು ಗಾಳಿ ಮಾಡಿಕೊಡುವ ಗಣಿಯವರು. ನಡುವೆ ನಿಂತು ಇವರ ಗಾಳಿಯನ್ನು ಅವರಿಗೆ, ಅವರ ರೊಟ್ಟಿಯನ್ನು ಇವರಿಗೆ ತೂಗಿ ಕೊಡುವ ತಕ್ಕಡಿಯವರು. ರಾಮವ್ವ ಓದು ನಿಲ್ಲಿಸಿ, “ಸಾವ್ಕಾರ್ರು ನಮಗ ನೂಲು ತೂಗಿ ಕೊಡಾಂಗ ಐತಲ್ರಿ ಇದು!” ಅಂದಳು. ಎಲ್ಲರೂ ಹೌದು ಹೌದು ಅಂದರು. ನೀನು ಯಾರನ್ನು ಮನಸ್ಸಿನಲ್ಲಿಟ್ಟು ಬರೆದೆ, ಖರೆ ಹೇಳು.

ನಿನ್ನ ಅಬ್ಬಾ,
ಖಾಸಿಂಸಾಬ

*

ಮುಂಡರಗಿ
16 ಫೆಬ್ರುವರಿ 1981

ಅಬ್ಬಾ ಅವರಿಗೆ ಅಲ್ಮಾಸಳ ಸಲಾಂ.

ಕಾಗದ ತಲುಪಿತು. ಅಮ್ಮಾನ ಮೊಣಕಾಲಿಗೆ ಇಲ್ಲಿಯ ಡಾಕ್ಟರು ಬರೆದುಕೊಟ್ಟ ಮುಲಾಮು ಕಳಿಸುತ್ತಿದ್ದೇನೆ. ನನ್ನ ಜೊತೆ ಕಲಿಸುವ ದೇವವ್ವ ಗದುಗಿಗೆ ಹೊರಟಿದ್ದಾಳೆ, ಅವಳೇ ಮನೆಗೆ ತಂದು ಕೊಡುತ್ತಾಳೆ. ಸದ್ಯ ಪರೀಕ್ಷೆಯ ಕೆಲಸ ಇದೆ, ನನಗೆ ಬರಲು ಆಗುವುದಿಲ್ಲ.

ಕಥೆಯಲ್ಲಿ ಬೆಟಗೇರಿಯವರು ಯಾರೂ ಇಲ್ಲ ಅಬ್ಬಾ. ಎಲ್ಲವನ್ನೂ ಪೇಪರಿನಿಂದ ತೆಗೆದುಕೊಂಡಿದ್ದೇನೆ. ಗಾಜಿನವರು ಎಂದರೆ ಎಮರ್ಜನ್ಸಿ ಕಾಲದ ಸರಕಾರ. ಆಗ ಗದಗ ಸ್ಟೇಶನ್ನಿನ ಗೋಡೆಯ ಮೇಲೆ ಮಾತು ಕಡಿಮೆ, ದುಡಿತ ಹೆಚ್ಚು ಎಂದು ಬರೆಸಿದ್ದರಲ್ಲ, ಅದನ್ನೇ ‘ಉಸಿರು ಕಡಿಮೆ, ಕೆಲಸ ಹೆಚ್ಚು’ ಎಂದು ಮಾಡಿ ಗಾಜಿನವರ ಗೋಡೆಯ ಮೇಲೆ ಬರೆಸಿದೆ. ಗಣಿಯವರು ಎಂದರೆ ಕಳೆದ ಮಳೆಗಾಲದಲ್ಲಿ ಕರ ಕಟ್ಟುವುದಿಲ್ಲ ಎಂದು ನಿಂತ ನರಗುಂದ, ನವಲಗುಂದದ ರೈತರು. ತಕ್ಕಡಿಯವರು ಎಂದರೆ ಬೆಳಿಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ ಎನ್ನುವ ಶಾಸಕರು. ಇವರನ್ನೆಲ್ಲ ಇದ್ದ ಹೆಸರಿನಲ್ಲೇ ಬರೆದರೆ ಸಂಪಾದಕರು ಹಾಕುವುದಿಲ್ಲ, ಹಾಕಿದರೆ ನನ್ನ ನೌಕರಿ ಉಳಿಯುವುದಿಲ್ಲ. ಮಂಗಳ ಗ್ರಹಕ್ಕೆ ಒಯ್ದರೆ ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿ ನಮ್ಮ ಶಿಕ್ಷಣಾಧಿಕಾರಿಗಳೂ ಇಲ್ಲ.

ಮುಂದಿನ ಕಂತಿನಲ್ಲಿ ತಕ್ಕಡಿಯವರ ಮುಖಂಡ ಬರುತ್ತಾನೆ. ಅವನ ಹೆಸರು ಸಮತೋಲ. ನಿಮಗೆ ಅವನು ಹಿಡಿಸಲಿಕ್ಕಿಲ್ಲ. ಜನರೆಲ್ಲ ನಂಬಿದ ಮನುಷ್ಯ, ಕೊನೆಗೆ ಅವರನ್ನು ಗಾಜಿನವರಿಗೆ ಮಾರಿಬಿಡುತ್ತಾನೆ.

ನಿಮ್ಮ ಮಗಳು,
ಅಲ್ಮಾಸ

*

ಬೆಟಗೇರಿ
10 ಮಾರ್ಚ್ 1981

ಚಿರಂಜೀವಿ ಅಲ್ಮಾಸಳಿಗೆ ದುವಾ.

ಮುಲಾಮು ಮುಟ್ಟಿತು. ನಿಮ್ಮಮ್ಮ ಅದನ್ನು ಹಚ್ಚಿಕೊಳ್ಳದೆ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದಾಳೆ.

ಇಲ್ಲಿ ನಿನ್ನ ಕಥೆಯಿಂದ ಅನಾಹುತ ಆಗಿದೆ. ಗಾಬರಿಯಾಗಬೇಡ, ನಿಧಾನವಾಗಿ ಹೇಳುತ್ತೇನೆ.

ನಮ್ಮಲ್ಲಿ ಅಮವಾಸ್ಯೆಗೆ ಮಗ್ಗಕ್ಕೆ ಸೂಟಿ ಎಂಬುದು ನಿನಗೆ ಗೊತ್ತೇ ಇದೆ. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಆ ದಿನ ಯಾರೂ ಲಾಳಿ ಮುಟ್ಟುವುದಿಲ್ಲ. ಈ ಸಲ ಅಮವಾಸ್ಯೆ ಶುಕ್ರವಾರ ಬಂತು. ಹಿಂದಿನ ದಿನ ಗುರುವಾರ ರಾಮವ್ವ ನಿನ್ನ ಕಂತು ಓದಿದಳು. ಗಣಿಯವರ ಮುದುಕಿ ಎಲ್ಲರಿಗೂ ಹೇಳಿ ಕಳಿಸುತ್ತಾಳಲ್ಲ, “ಎರಡೂ ಚಂದ್ರರು ಮರೆಯಾದ ಮರುದಿನ ಯಾರೂ ಗಣಿಗೆ ಇಳಿಯಬೇಡಿ” ಎಂದು? ಅದನ್ನು ಕೇಳಿದ ಮೇಲೆ ಎಲ್ಲರೂ ಚಹಾ ಕುಡಿದು ಎದ್ದು ಹೋದರು. ನಾನೂ ಏನೂ ಅಂದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ನೋಡಿದರೆ ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇಲ್ಲ. ಯಾರೋ ಸತ್ತಿರಬೇಕು ಎಂದು ನಾನು ಟೋಪಿ ಹಾಕಿಕೊಂಡು ಹೊರಬಿದ್ದೆ. ಎಲ್ಲರೂ ಕಟ್ಟೆಯ ಮೇಲೆ ಕುಳಿತಿದ್ದರು. ಸಕ್ರಪ್ಪ ಎದ್ದು ನಿಂತ.

“ಚಂದ್ರ ಮರಿ ಆಗೂದು ಅಂದ್ರ ಏನ್ರಿ? ಅಮಾಸಿ. ಗಣಿಯವರು ಅಂದ್ರ ಯಾರ್ರಿ? ನೆಲದಾಗಿನ ಕುಣಿಯಾಗ ಕಾಲು ಇಳಿಬಿಟ್ಟು ದಿನಾ ದುಡಿಯೋ ನಾವು. ಆ ಧ್ರುವ ಅಂಬಾವ ದೊಡ್ಡ ಮನಶ್ಯಾ ಅದಾನ. ಬಾಯಿ ಬಿಟ್ಟು ಹೇಳಾಕ ಬರೂದಿಲ್ಲ, ಅದಕ್ಕ ಕಥಿಯಾಗ ಹೇಳಿ ಕಳಿಸ್ಯಾನ.”

“ಏನಂತ ಹೇಳಿ ಕಳಿಸ್ಯಾನ?” ಅಂದೆ.

“ಮಜೂರಿ ಏರಸೂತನಕಾ ಮಗ್ಗಕ್ಕ ಕುಂಡ್ರಬ್ಯಾಡ್ರಿ ಅಂತ.”

ಮಗಳೇ, ನಿನ್ನ ಮುದುಕಿ ಮಜೂರಿಯ ಮಾತೇ ಎತ್ತಿಲ್ಲ. ಆದರೆ ಅವರ ಹೊಟ್ಟೆಯಲ್ಲಿ ಆ ಮಾತು ಮೊದಲಿನಿಂದ ಇತ್ತು. ನಾನು ನೇಕಾರರ ಸಂಘದ ಅಧ್ಯಕ್ಷನೆಂದು ಎಮರ್ಜನ್ಸಿಯಲ್ಲಿ ಸಾವ್ಕಾರರ ಜೊತೆ ಮಾಡಿಕೊಂಡ ಕರಾರಿನ ಮಜೂರಿಯೇ ಇನ್ನೂ ನಡೆದಿದೆ. ಸೀರೆಯ ದರ ಏರಿತು, ಜೋಳದ ದರ ಏರಿತು, ಮಜೂರಿ ಅಲ್ಲೇ ಕೂತಿದೆ.

ನಾನು ಎಂದಿನಂತೆ, “ತಡೀರಿ, ನೋಡೋಣು” ಅಂದೆ. ಅಂದದ್ದೇ ತಡ, ರಾಮವ್ವ ಬಾಯಿಗೆ ಸೆರಗು ಹಿಡಿದು ಕಿಸಕ್ಕನೆ ನಕ್ಕಳು. ಹುಡುಗರೆಲ್ಲ “ಸಮತೋಲ! ಸಮತೋಲ!” ಎಂದು ಕೂಗಿದರು. ನಿನ್ನ ಸಮತೋಲ ಗಾಜಿನವರ ಮನೆಗೆ ಹೋಗುವಾಗಲೆಲ್ಲ “ತಡೀರಿ, ನೋಡೋಣು” ಅನ್ನುತ್ತಾನಲ್ಲ. ಅದನ್ನು ಓದುವಾಗಲೇ ಜನ ತಿರುಗಿ ತಿರುಗಿ ನನ್ನ ಮುಖ ನೋಡಿದ್ದರು. ನಾನು ನೊಣ ಕೂತಿದೆಯೇನೋ ಎಂದು ಮುಖ ಒರೆಸಿಕೊಂಡಿದ್ದೆ.

ಶಾಸಕರು ಎಂದು ಬರೆದಿದ್ದೆ ನೀನು. ಯಾವ ಶಾಸಕ ಹಾಗೆ ಅನ್ನುತ್ತಾನೆ?

ಅಬ್ಬಾ,
ಖಾಸಿಂಸಾಬ

*

ಮುಂಡರಗಿ
13 ಮಾರ್ಚ್ 1981

ಅಬ್ಬಾ ಅವರಿಗೆ ಸಲಾಂ.

ನಿಮ್ಮ ಕಾಗದ ಓದಿ ತಕ್ಷಣ ಉತ್ತರ ಬರೆಯಲು ಕೂತೆ. ಕತ್ತಲಲ್ಲಿ ಗಣಿಯವರು ಗಾಳಿಯ ಸಿಲಿಂಡರುಗಳನ್ನು ಹೊತ್ತೊಯ್ದು ಮರುದಿನ ಅಡಗಿ ಕೂಡಬೇಕು, ಬೆಳಕಿದ್ದರೆ ಸಿಕ್ಕಿಬೀಳುತ್ತಾರೆ. ಅದಕ್ಕೆ ಚಂದ್ರರನ್ನು ಮರೆ ಮಾಡಿದೆ. ಮಂಗಳಕ್ಕೆ ಎರಡು ಚಂದ್ರರು ಇರುವುದರಿಂದ ಎರಡನ್ನೂ ಮಾಡಬೇಕಾಯಿತು. ಬೇರೆ ಏನೂ ಇಲ್ಲ, ಅಲ್ಲಾನ ಆಣೆ. ನಮ್ಮ ಅಮವಾಸ್ಯೆ ಯಾವತ್ತು ಬರುತ್ತದೆ ಎಂದು ನಾನು ಕ್ಯಾಲೆಂಡರು ಸಹ ನೋಡಿರಲಿಲ್ಲ.

ಒಂದೊಂದು ಮನೆಯಲ್ಲಿ ಎಷ್ಟು ದಿನಕ್ಕೆ ಹಿಟ್ಟು ಇರುತ್ತದೆ ಎಂಬುದು ನನಗೆ ಗೊತ್ತು. ರಾಮವ್ವನ ಮನೆಯಲ್ಲಂತೂ ಅವಳ ಕೈಯ ಮೇಲೇ ಎಲ್ಲ. ನನ್ನ ಕಥೆ ಕೇಳಿ ಅವಳ ಒಲೆ ಆರಬೇಕೇ? ಸೋಮವಾರದೊಳಗೆ ಮುಂದಿನ ಕಂತು ಕಳಿಸಬೇಕು. ಮುದುಕಿ ಎಲ್ಲರನ್ನೂ ಮತ್ತೆ ಗಣಿಗೆ ಇಳಿಸಿದಳು ಎಂದು ಬರೆದುಬಿಡುತ್ತೇನೆ. ಅಥವಾ ಇದು ಬರಿಯ ಕಥೆ, ಬರೆದದ್ದು ನಿಮ್ಮ ಮಗಳು ಎಂದು ನೀವೇ ಅವರಿಗೆ ಹೇಳಿಬಿಡಿ. ನನ್ನ ಹೆಸರು ಕೆಟ್ಟರೂ ಚಿಂತೆಯಿಲ್ಲ.

ಸಮತೋಲನ ವಿಷಯ ಬರೆದಿದ್ದೀರಿ. ಅವನ ಬಾಯಿಗೆ ಆ ಮಾತು ಎಲ್ಲಿಂದ ಬಂತೋ ನನಗೆ ತಿಳಿಯದು. ಬರೆಯುವಾಗ ತಾನೇ ಬಂತು. ತಪ್ಪು ತಿಳಿಯಬೇಡಿ.

ಅಲ್ಮಾಸ

*

ಬೆಟಗೇರಿ
17 ಮಾರ್ಚ್ 1981

ಅಲ್ಮಾಸ,

ಯಾರಿಗೂ ಹೇಳುವುದು ಬೇಡ. ಹೇಳಿದರೆ ಈ ಕಡೆಯವರು, ಖಾಸಿಂಸಾಬನೇ ಮಗಳ ಕೈಯಿಂದ ಬರೆಸಿ ನಮ್ಮನ್ನು ಬೀದಿಗೆ ತಂದ, ಇದರಲ್ಲೇನೋ ಮಸಲತ್ತು ಇದೆ ಅನ್ನುತ್ತಾರೆ. ಆ ಕಡೆಯವರು ನಿನ್ನ ನೌಕರಿಗೆ ಕಲ್ಲು ಹಾಕುತ್ತಾರೆ. ಸಮತೋಲ ಎಂದು ಕೂಗುವುದಾದರೆ ಕೂಗಲಿ, ಕಿವಿ ನನ್ನವು. ಮುದುಕಿಯನ್ನು ತಿರುಗಿ ಗಣಿಗೆ ಇಳಿಸುವುದೂ ಬೇಡ. ಮಂದಿ ಈಗ ನಿನ್ನ ಮಾತಿನ ಮೇಲೆ ನಿಂತಿಲ್ಲ, ತಮ್ಮ ಸಿಟ್ಟಿನ ಮೇಲೆ ನಿಂತಿದ್ದಾರೆ. ನೀನು ಇಳಿಸಿದರೆ ಧ್ರುವನೂ ಸಾವ್ಕಾರರ ರೊಕ್ಕ ತಿಂದ ಅನ್ನುತ್ತಾರೆ, ಅಷ್ಟೇ.

ಇದು ಮುಷ್ಕರದ ಮಾತಾಯಿತು. ಇನ್ನು ನಮ್ಮ ಮಾತು.

ಆ ಕಂತುಗಳನ್ನೆಲ್ಲ ರಾಮವ್ವನಿಂದ ಇಸಕೊಂಡು ಬಂದು ಕನ್ನಡಕ ಹಾಕಿಕೊಂಡು ನಾನೇ ಓದಿದೆ. ನೀನು ಏನು ಹೇಳಿದರೂ ಅವನು ನಾನೇ. ನಡಿಗೆ ನನ್ನದು. ಚಹಾ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಊದುವುದು ನನ್ನದು. ಮಂಗಳ ಗ್ರಹದಲ್ಲಿ ಉಸಿರಾಡಲು ಗಾಳಿ ಸಾಲದು, ಅಲ್ಲಿ ಚಹಾ ಊದುವವನು ಯಾವನು? ಗಾಜಿನವರ ಮನೆಯ ಪಡಸಾಲೆಯಲ್ಲಿ ಸಹಿ ಹಾಕಲು ಪೆನ್ನು ಹಿಡಿದು ಕೂತವನೂ ನಾನೇ.

ನನಗೆ ಬಹಳ ನೋವಾಗಿದೆ. ಓಣಿಯವರು ಅಂದದ್ದಕ್ಕಲ್ಲ, ನೀನು ಬರೆದದ್ದಕ್ಕೆ.

ಸಹಿ ಹಾಕಿದ್ದು ಖರೆ. ಮಜೂರಿ ಏರಿಸುವುದಿಲ್ಲ, ಒಪ್ಪದಿದ್ದರೆ ನೂಲೆಲ್ಲ ಗುಳೇದಗುಡ್ಡಕ್ಕೆ ಕಳಿಸುತ್ತೇವೆ ಅಂದರು. ಅಲ್ಲಿ ನೇಯುವವರಿಗೆ ಕೊರತೆ ಇಲ್ಲ. ಆಗಿನ ಕಾಲದಲ್ಲಿ ಮುಷ್ಕರ ಅಂದರೆ ಜೇಲು. ನೂಲು ಹೋದ ಮೇಲೆ ಮಗ್ಗ ಇಟ್ಟುಕೊಂಡು ಏನು ಮಾಡಬೇಕಿತ್ತು, ಅದರ ಮೇಲೆ ಹೀರೆ ಬಳ್ಳಿ ಹಬ್ಬಿಸಬೇಕಿತ್ತೇ? ನೀನು ನನಗೆ ಬುತ್ತಿ ತಂದು ಆ ಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಕೈ ಕಾಗದದ ಮೇಲೆ ಓಡಿದ್ದು ನೋಡಿದೆ. ಈಗ ಬರೆಯುವಾಗ ಕೈ ಬರೆದೆ, ನೂಲು ಬರೆಯಲಿಲ್ಲ. ಆ ಸಹಿಯಿಂದ ಓಣಿಯ ಮಗ್ಗ ಒಂದೂ ನಿಲ್ಲಲಿಲ್ಲ.

ಸಾವ್ಕಾರರು ನಿನ್ನೆ ಹೇಳಿ ಕಳಿಸಿದ್ದಾರೆ. ಇಪ್ಪತ್ತೆಂಟನೇ ತಾರೀಕು ಶನಿವಾರ ಅದೇ ಪಡಸಾಲೆಯಲ್ಲಿ ಹೊಸ ಕರಾರು. ಮಜೂರಿಯನ್ನು ಕೊಸರಿನಷ್ಟು ಏರಿಸುತ್ತಾರಂತೆ. ಒಲ್ಲೆ ಎಂದರೆ ಮತ್ತೆ ಅದೇ ಗುಳೇದಗುಡ್ಡದ ಮಾತು. ನಾನು ಸಹಿ ಹಾಕುವವನೇ. ಹಾಕಿದ ಮೇಲೆ ಓಣಿಯಲ್ಲಿ ನನಗೆ ಯಾರೂ ಸಲಾಂ ಹೇಳಲಿಕ್ಕಿಲ್ಲ, ಆದರೆ ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ನೀನು ಬೇಕಾದರೆ ಸಮತೋಲನನ್ನು ನೇಣಿಗೆ ಹಾಕು.

ಖಾಸಿಂಸಾಬ

*

ಮುಂಡರಗಿ
20 ಮಾರ್ಚ್ 1981

ಅಬ್ಬಾ ಅವರಿಗೆ ಸಲಾಂ.

ನೀವು ದುವಾ ಬರೆಯದ ಮೊದಲ ಕಾಗದ ಇದು. ಆದರೂ ನಾನು ಸಲಾಂ ಬರೆಯುತ್ತೇನೆ.

ಹೌದು, ಅವನು ನೀವೇ. ಪೇಪರಿನ ಶಾಸಕರನ್ನು ನಾನು ಎಂದೂ ಕಣ್ಣಾರೆ ನೋಡಿಲ್ಲ. ನಡುವೆ ನಿಂತ ಮನುಷ್ಯ ಹೇಗಿರುತ್ತಾನೆ ಎಂದು ಯೋಚಿಸಿದಾಗ ನಿಮ್ಮನ್ನು ಬಿಟ್ಟು ನನಗೆ ಬೇರೆ ಯಾರೂ ಗೊತ್ತಿರಲಿಲ್ಲ. ನೂಲಿನ ವಿಷಯ ನೀವು ಬರೆದದ್ದು ಸರಿ. ಆಗ ನನಗೆ ಅದು ತಿಳಿದಿರಲಿಲ್ಲ. ಆದರೆ ಯಾಕೆ ತಿಳಿದಿರಲಿಲ್ಲ ಅಬ್ಬಾ?

ಆ ದಿನ ಬಾಗಿಲ ಸಂದಿಯಿಂದ ನೋಡಿದವಳು ನಾನು, ಆದರೆ ಅಲ್ಲಿ ನಾನೊಬ್ಬಳೇ ನಿಂತಿರಲಿಲ್ಲ. ನನ್ನ ಹಿಂದೆ ಇಡೀ ಓಣಿ ಬೀದಿಯಲ್ಲಿ ನಿಂತಿತ್ತು. ಸಕ್ರಪ್ಪ ನಿಂತಿದ್ದ, ರಾಮವ್ವ ಕೂಸು ಎತ್ತಿಕೊಂಡು ನಿಂತಿದ್ದಳು. ನೀವು “ತಡೀರಿ, ನೋಡೋಣು” ಎಂದು ಒಳಗೆ ಹೋದಿರಿ. ಹೊರಗೆ ಬಂದಾಗ ಸಹಿ ಆಗಿತ್ತು. ಸಾವ್ಕಾರರು ಹೀಗೆ ಅನ್ನುತ್ತಾರೆ, ನೂಲು ಹೋಗುತ್ತದೆಯಂತೆ, ಏನು ಮಾಡೋಣ ಎಂದು ಒಂದು ಮಾತು ಅವರನ್ನು ಕೇಳಲಿಲ್ಲ. ಕೇಳಿದ್ದರೆ ಅವರೂ ಸಹಿ ಹಾಕಿ ಅಂತಲೇ ಅನ್ನುತ್ತಿದ್ದರೋ ಏನೋ. ಲಕ್ಷ್ಮೇಶ್ವರದವರು ಬಂದಾಗಲೂ ನೀವು ಹೀಗೆಯೇ ಒಳಗೆ ಹೋಗಿ ಮಾತು ಕೊಟ್ಟು ಬಂದಿರಿ. ನಾನು ಅಡುಗೆ ಮನೆಯಲ್ಲೇ ಇದ್ದೆ, ಮೂರು ಮಾರು ದೂರ. ಹುಡುಗ ಒಳ್ಳೆಯವನೆಂದು ಅಮ್ಮಾ ಈಗಲೂ ಹೇಳುತ್ತಾಳೆ. ಇದ್ದಾನು.

ನೀವು ಯಾರನ್ನೂ ಮಾರಲಿಲ್ಲ, ಅದು ನನಗೆ ಈಗ ಗೊತ್ತಾಯಿತು. ನಾನು ಸಿಟ್ಟಿನಲ್ಲಿ ಹಾಗೆ ಬರೆದೆ. ಆದರೆ ನನ್ನ ಸಿಟ್ಟು ಸಹಿಯ ಮೇಲಲ್ಲ, ಮುಚ್ಚಿದ ಬಾಗಿಲಿನ ಮೇಲೆ.

ಮುಂದಿನ ಕಂತನ್ನು ನಾನು ಕಳಿಸಿಲ್ಲ. ಸಂಪಾದಕರ ತಾರು ಬಂತು, ಉತ್ತರ ಕೊಟ್ಟಿಲ್ಲ. ಸಮತೋಲ ಪಡಸಾಲೆಯಲ್ಲಿ ಪೆನ್ನು ಹಿಡಿದು ಕೂತಿದ್ದಾನೆ. ಅವನಿಂದ ಏನು ಮಾಡಿಸಬೇಕೆಂದು ನನಗೆ ತಿಳಿಯುತ್ತಿಲ್ಲ.

ಅಲ್ಮಾಸ

*

ಬೆಟಗೇರಿ
30 ಮಾರ್ಚ್ 1981

ಚಿರಂಜೀವಿ ಅಲ್ಮಾಸಳಿಗೆ ಅಬ್ಬಾನ ದುವಾ.

ನಿನ್ನ ಕಾಗದ ಬಂದಾಗ ಸಿಟ್ಟಿನಿಂದ ಅರ್ಧಕ್ಕೇ ಬಿಟ್ಟು ಎದ್ದೆ. ಉಳಿದದ್ದನ್ನು ಮರುದಿನ ಓದಿದೆ. ನಿಮ್ಮಮ್ಮನಿಗೂ ಓದಿ ಹೇಳಿದೆ. ಆಕೆ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ನಿನ್ನ ಕಡೆ ಇದ್ದಾಳೆ ಎಂದು ಅರ್ಥ.

ಗುರುವಾರ ಪತ್ರಿಕೆ ಬಂತು. ಇಡೀ ಓಣಿ ನಮ್ಮ ಶೆಡ್ಡಿಗೆ ಬಂದಿತ್ತು. ರಾಮವ್ವ ಹಾಳೆ ಮೇಲೆ ಹಾಳೆ ತಿರುವಿದಳು. ಕಡೆಗೆ, “ಲೇಖಕರಿಂದ ಕಂತು ಬಾರದ ಕಾರಣ ಈ ವಾರ ಧಾರಾವಾಹಿ ಇರುವುದಿಲ್ಲ” ಎಂದು ಓದಿದಳು. ಹೋದ ವಾರವೂ ಇರಲಿಲ್ಲ. “ಧ್ರುವನೂ ಕೈ ಬಿಟ್ಟ. ಇನ್ನ ಯಾರು ಹೇಳಬೇಕ್ರಿ ನಮಗ?” ಅಂದ ಸಕ್ರಪ್ಪ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ಶನಿವಾರ ಸಾವ್ಕಾರರ ಮನೆಗೆ ಹೋದೆ. ಜನರೆಲ್ಲ ಹಿಂದೆಯೇ ಬಂದು ಬೀದಿಯಲ್ಲಿ ನಿಂತರು. ಪಡಸಾಲೆಯಲ್ಲಿ ಲೋಡು, ಚಹಾ, ಬರೆದು ಸಿದ್ಧ ಮಾಡಿದ ಕರಾರು, ಎಲ್ಲ ಹಿಂದಿನಂತೆ. “ಖಾಸಿಂಸಾಬ್ರ, ನೀವು ತಿಳಿದವರು. ಸಹಿ ಒಂದು ಹಾಕಿಬಿಡ್ರಿ, ಸೋಮಾರದಿಂದ ಲಾಳಿ ಓಡ್ಲಿ” ಅಂದರು. ಪೆನ್ನಿನ ಟೊಪ್ಪಿಗೆ ತೆಗೆದು ಕೈಗೇ ಕೊಟ್ಟರು. ಪೆನ್ನು ಹಿಡಿದೆ ಮಗಳೇ. ಸಹಿ ಹಾಕುವುದೇ ಇತ್ತು ಮನಸ್ಸಿನಲ್ಲಿ. ಆಗ ಬಾಗಿಲ ಕಡೆ ನೋಡಿದೆ. ಅದನ್ನು ಆಳು ಮುಂದೆ ಎಳೆದು ಮುಚ್ಚಿದ್ದ. ಹಿಂದೆಯೂ ಅದನ್ನು ಮುಚ್ಚುತ್ತಿದ್ದರೋ ಏನೋ, ನಾನು ಯಾವತ್ತೂ ಆ ಕಡೆ ನೋಡಿದವನಲ್ಲ.

ಕರಾರು ತೆಗೆದುಕೊಂಡು ಎದ್ದೆ. “ಎಲ್ಲಿಗೆ ಹೊಂಟ್ರಿ?” ಅಂದರು ಸಾವ್ಕಾರರು. “ಹೊರಗ ಮಂದಿ ನಿಂತಾರ್ರಿ, ಒಂದು ಮಾತು ಕೇಳಿ ಬರ್ತೀನಿ” ಅಂದೆ. ಅವರಿಗೆ ಇದು ಎಂಥ ರೀತಿ ಎಂದೇ ತಿಳಿಯಲಿಲ್ಲ. ಬೀದಿಗೆ ಬಂದು ಕಾಗದವನ್ನು ರಾಮವ್ವನ ಕೈಗೆ ಕೊಟ್ಟೆ. “ಓದವಾ, ಗಟ್ಟಿಯಾಗಿ ಓದು” ಅಂದೆ. ಓದಿದಳು. ನೂಲಿನ ಬೆದರಿಕೆಯನ್ನು ಅವರು ಕಾಗದದ ಮೇಲೆ ಬರೆದಿರಲಿಲ್ಲ, ಅದನ್ನು ನಾನು ಬಾಯಿಂದ ಹೇಳಿದೆ. ನನ್ನ ಅಭಿಪ್ರಾಯವನ್ನೂ ಹೇಳಿದೆ, ಸಹಿ ಹಾಕುವುದು ಲೇಸು ಎಂದು.

ಬಿಸಿಲಲ್ಲಿ ನಿಂತು ವಾದ ಮಾಡಿದರು. ಹೆಂಗಸರು ಗಂಡಸರಿಗಿಂತ ಜಾಸ್ತಿ ಮಾತಾಡಿದರು. ಕೆಲವರು ಇಷ್ಟಾದರೂ ಸಿಕ್ಕಲಿ ಅಂದರು, ಜಾಸ್ತಿ ಮಂದಿ ಬೇಡ ಅಂದರು. ಕೈ ಎತ್ತಿಸಿದೆ. ಬೇಡ ಎಂದೇ ಆಯಿತು. ಒಳಗೆ ಹೋಗಿ ಕಾಗದವನ್ನು ಹಾಗೇ ಲೋಡಿನ ಮೇಲೆ ಇಟ್ಟು ಬಂದೆ.

ತಿರುಗಿ ಬರುವಾಗ ಸಕ್ರಪ್ಪ ಪಕ್ಕಕ್ಕೆ ಬಂದ. “ಖಾಸಿಂಸಾಬ್ರ, ಇಷ್ಟು ವರ್ಷ ಇಲ್ಲದ್ದು ಇವತ್ತು ಹೊರಗ ಬಂದು ಕೇಳಿದ್ರಿ. ಯಾರು ಹೇಳಿದ್ರಿ ನಿಮಗ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನನ್ನ ಮಗಳು ಹೇಳ್ಯಾಳ. ನಿಮ್ಮ ಧ್ರುವ ಅಂಬಾಕಿ ಆಕಿನ” ಅಂದೆ.

ಸಕ್ರಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. “ಅಲ್ಮಾಸ? ನನ್ನ ಸೈಕಲ್ಲು ಒಯ್ದು ಗಟಾರಕ್ಕ ಕೆಡವಿದಾಕಿ? ಆಕಿನ ಮಾತು ಕೇಳಿ ನಾ ಮಗ್ಗ ಬಂದ್ ಮಾಡಿಸಿದ್ನ್ಯಾ?” ಅಂದ. ಆಮೇಲೆ ಜನ ನಕ್ಕದ್ದು ನೋಡಬೇಕಿತ್ತು ನೀನು. ಎಷ್ಟೋ ದಿನದ ಮೇಲೆ ನಕ್ಕರು. ರಾಮವ್ವ ಮಾತ್ರ ನಗಲಿಲ್ಲ. “ಮಾರಿ ಮ್ಯಾಲೆ ಸಮತೋಲ ಸಮತೋಲ ಅಂತ ಕೂಗಿದಿವಿ. ಒಂದು ಮಾತು ಬಾಯಿ ಬಿಡಲಿಲ್ಲಲ್ರೀ ನೀವು” ಎಂದು ಕಣ್ಣು ಒರೆಸಿಕೊಂಡಳು.

ಮುಂದೆ ಏನಾಗುತ್ತದೋ ಗೊತ್ತಿಲ್ಲ. ನಿನ್ನ ನೌಕರಿಗೆ ತೊಂದರೆ ಬಂದರೆ ತಕ್ಷಣ ಕಾಗದ ಹಾಕು.

ಅಬ್ಬಾ,
ಖಾಸಿಂಸಾಬ

*

ಮುಂಡರಗಿ
14 ಏಪ್ರಿಲ್ 1981

ಅಬ್ಬಾ ಅವರಿಗೆ ಸಲಾಂ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ದೇವವ್ವನಿಗೂ ಓದಿ ಹೇಳಿದೆ, ಅವಳು ಅತ್ತಳು, ನಾನೂ ಅತ್ತೆ. ನೌಕರಿಗೆ ಏನೂ ಆಗಿಲ್ಲ. ನಮ್ಮ ಹೆಡ್‌ಮಾಸ್ತರರು ಒಮ್ಮೆ ಕರೆದು, “ನೀವು ಮಂಗಳ ಗ್ರಹದ ಬಗ್ಗೆ ಬರೀತೀರಂತ ಖರೆ ಏನ್ರಿ?” ಎಂದು ಕೇಳಿದರು. ಹೌದು ಎಂದೆ. ಐದನೇ ಇಯತ್ತೆಗೆ ಭೂಗೋಳವನ್ನೂ ನನಗೇ ವಹಿಸಿಬಿಟ್ಟರು.

ಕೊನೆಯ ಕಂತು ಬರೆದು ಕಳಿಸಿದೆ. ಮಾರುವ ಪ್ರಸಂಗವನ್ನು ಕಿತ್ತು ಹಾಕಿದೆ. ಸಮತೋಲ ಸಹಿ ಹಾಕದೆ ಹೊರಗೆ ಬಂದು ಗಣಿಯವರನ್ನು ಕೇಳುತ್ತಾನೆ. ಅವರು ಕೈ ಎತ್ತುತ್ತಾರೆ. ಗಾಜಿನವರು ಸೋಲುತ್ತಾರೆ, ಎಲ್ಲರಿಗೂ ಗಾಳಿ ಸಿಗುತ್ತದೆ. ಸಂಪಾದಕರಿಗೆ ಬಹಳ ಹಿಡಿಸಿದೆ.

ನಿಮ್ಮ ಆ ಕಾಗದದ ನಂತರ ಎರಡು ವಾರವಾಯಿತು, ನೀವು ಮತ್ತೆ ಏನೂ ಬರೆದಿಲ್ಲ. ನೂಲು ಏನಾಯಿತು? ಬೇಸಿಗೆ ಸೂಟಿಗೆ ದೇವವ್ವನ ಊರು ಹಮ್ಮಿಗಿಗೆ ಹೋಗುತ್ತಿದ್ದೇನೆ, ಅಲ್ಲಿಯ ವಿಳಾಸ ಕಾಗದದ ಹಿಂದೆ ಬರೆದಿದ್ದೇನೆ.

ಅಲ್ಮಾಸ

*

ಬೆಟಗೇರಿ
12 ಜೂನ್ 1981

ಚಿರಂಜೀವಿ ಅಲ್ಮಾಸಳಿಗೆ ಅಬ್ಬಾನ ದುವಾ.

ಬರೆಯಲು ತಡವಾಯಿತು. ಒಳ್ಳೆಯ ಖಬರು ಬಂದ ಮೇಲೆ ಬರೆಯೋಣ ಎಂದು ಕಾದೆ. ಬರಲಿಲ್ಲ, ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ.

ನೂಲು ಹೋಯಿತು. ದೊಡ್ಡ ಸಾವ್ಕಾರರು ಹೇಳಿದ ಹಾಗೇ ಲಾರಿ ತರಿಸಿ ಗುಳೇದಗುಡ್ಡಕ್ಕೆ ಹೇರಿ ಕಳಿಸಿದರು. ಸಣ್ಣ ಸಾವ್ಕಾರರೊಬ್ಬರು ಮಾತ್ರ ನಾವು ಕೇಳಿದ ಮಜೂರಿಗೆ ಒಪ್ಪಿದರು. ಅವರ ನೂಲು ಅರ್ಧ ಓಣಿಗೂ ಸಾಲದು. ಇದ್ದಷ್ಟು ನೂಲನ್ನು ಸರದಿ ಹಾಕಿ ಹಂಚಿಕೊಂಡು ನೇಯುತ್ತಿದ್ದೇವೆ. ನನ್ನ ಮಗ್ಗಗಳಲ್ಲಿ ಒಂದು ನಡೆದಿದೆ. ಸಕ್ರಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ನೂಲಿನ ಹಿಂದೆಯೇ ಗುಳೇದಗುಡ್ಡಕ್ಕೆ ಹೋದ. ಹೋಗುವಾಗ ನಮ್ಮ ಮನೆಗೆ ಬಂದಿದ್ದ, ಮುಖ ಎತ್ತಲಿಲ್ಲ.

ನಾನು ಅಂದದ್ದೇ ಆಯಿತು ನೋಡು ಎಂದು ಇದನ್ನು ಬರೆಯುತ್ತಿಲ್ಲ. ಹಾಗೆ ಅಂದುಕೊಂಡು ಒಂದೆರಡು ದಿನ ಓಡಾಡಿದ್ದು ಖರೆ. ನಿಮ್ಮಮ್ಮ ಬೈದ ಮೇಲೆ ಬಿಟ್ಟೆ. ಹಿಂದೆ ನಾನೊಬ್ಬನೇ ಸಹಿ ಹಾಕಿ ಬಂದಾಗ ಅವರಿಗೆ ಬೈಯಲು ನಾನಿದ್ದೆ. ಎಲ್ಲ ಖಾಸಿಂಸಾಬ ಮಾಡಿದ ಘಾತ ಎಂದು ಬೈದು, ಉಂಡು ಮಲಗುತ್ತಿದ್ದರು. ಈಗ ಕೈ ಎತ್ತಿದವರು ತಾವೇ. ಬೈಯಲು ಯಾರೂ ಸಿಗುವುದಿಲ್ಲ. ಸಂಜೆಗೆ ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ, ನಾಳೆ ಏನು ಮಾಡೋಣ ಎಂದು ಮಾತಾಡುತ್ತಾರೆ. ನೂಲನ್ನು ಸಂಘದಿಂದಲೇ ನೇರ ತರಿಸಲು ಬರುತ್ತದೆಯೇ ಎಂದು ವಿಚಾರಿಸಲು ಹುಬ್ಬಳ್ಳಿಗೆ ಹೋಗಬೇಕೆಂದಿದ್ದಾರೆ. ನನ್ನ ಜೊತೆ ರಾಮವ್ವನೂ ಬರುತ್ತಾಳೆ, ಕಾಗದ ಓದಲು. ಮೊದಲು ನಾನೊಬ್ಬನೇ ಹೋಗುತ್ತಿದ್ದೆ, ಅದು ಹಗುರಾಗಿತ್ತು. ಈಗ ಇವರೆಲ್ಲರನ್ನೂ ಕೇಳಿ ಕೇಳಿ ನನ್ನ ಗಂಟಲು ಒಣಗುತ್ತದೆ. ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ನಿನ್ನ ಕೊನೆಯ ಕಂತನ್ನು ರಾಮವ್ವ ಓದಿದಳು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. “ಒಬ್ಬರೂ ಉಪವಾಸ ಬೀಳಲಾರದ ಗೆದ್ದುಬಿಟ್ರಲ್ಲ! ಅದು ಯಾವ ಊರಾಗ ಆಕ್ಕೈತ್ಯೋ ಯವ್ವಾ” ಎಂದು ಒಬ್ಬರು. “ಸಕ್ರಪ್ಪನಂಥಾವ್ರು ಎಲ್ಲಿ ಹ್ವಾದ್ರು ಕಥಿಯಾಗ?” ಎಂದು ಇನ್ನೊಬ್ಬರು. ಬರೆದವಳನ್ನು ಕರೆಸಿರಿ, ನಾವು ಕೂಡಿಸಿಕೊಂಡು ಕೇಳುತ್ತೇವೆ ಅನ್ನುತ್ತಿದ್ದಾರೆ. ಬಡಿಯುವುದಿಲ್ಲ, ಹೆದರಬೇಡ. ಆದರೆ ಬಿಡುವುದೂ ಇಲ್ಲ.

ಇದು ಅವರ ಮಾತು. ನಿಮ್ಮಮ್ಮನ ಮಾತನ್ನು ಫೆಬ್ರುವರಿಯ ಕಾಗದದಲ್ಲೇ ಬರೆದಿದ್ದೇನೆ. ಇಷ್ಟು ಕಾಗದಗಳಲ್ಲಿ ನನ್ನ ಮಾತು ಎಂದು ಒಂದನ್ನೂ ಬರೆದಿಲ್ಲ. ಮನೆಯಲ್ಲಿ ನಿನ್ನ ತಟ್ಟೆ ತಿಕ್ಕಿ ಇಟ್ಟಲ್ಲೇ ಇದೆ, ನಾನು ದಿನಾ ನೋಡುತ್ತೇನೆ. ಬಾ ಎಂದು ಅಪ್ಪಣೆ ಮಾಡಿ ಅಭ್ಯಾಸವಾದ ಬಾಯಿ ಇದು, ಬೇರೆ ಥರ ಹೇಗೆ ಹೇಳಬೇಕೆಂದು ಎರಡು ದಿನ ಕೂತು ಯೋಚಿಸಿದೆ.

ರವಿವಾರ ಬರುತ್ತೀಯೇನು ಅಲ್ಮಾಸ? ಕೇಳುತ್ತಿದ್ದೇನೆ.

ನಿನ್ನ ಅಬ್ಬಾ